ಹೊಗೆ ಯಾರ ಲೆಕ್ಕಕ್ಕೆ?

ಶಿವಮೊಗ್ಗದಿಂದ ಭದ್ರಾವತಿಯ ಕಡೆಗೆ ಬಿ.ಎಚ್. ರಸ್ತೆ ಹಿಡಿದು ಹೊರಟರೆ ನಿದಿಗೆಯ ಆಸುಪಾಸಿನಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಸಿಗುತ್ತದೆ. ಇತ್ತ ತುಂಗೆಯ ಊರು, ಅತ್ತ ಭದ್ರೆಯ ಊರು. ನಡುವೆ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಗಳು, ಸಾವಿರಾರು ಹೆಣ್ಣುಮಕ್ಕಳು ದುಡಿಯುವ ಗಾರ್ಮೆಂಟ್ಸ್, ಶಿಮುಲ್‌ನ ಹಾಲಿನ ಡೇರಿ. ಇಂಥ ಕಡೆಗಳಲ್ಲೆಲ್ಲ ಮನುಷ್ಯನ ಬೆನ್ನು ತಡೆಯಲಾರದ ತೂಕ ಎತ್ತಲು ಬೇಕಾಗುವುದು ಫೋರ್ಕ್‌ಲಿಫ್ಟ್. ಹಳೆಯ ಮಷಿನ್ ಸವೆದು ಹೊಸದು ತರುವ ವರ್ಷ ಬಂದಾಗ ಮಾಲೀಕರ ಮುಂದೆ ಬರುವ ಪ್ರಶ್ನೆ ಸರಳ: ಡೀಸೆಲ್ಲೋ, ಬ್ಯಾಟರಿಯೋ?

ಸಾಮಾನ್ಯವಾಗಿ ಇದಕ್ಕೆ ಉತ್ತರ ಹೇಳುವುದು ಅಕೌಂಟ್ಸ್ ವಿಭಾಗ. ಮೂರು ಟನ್ ಎತ್ತುವ ಡೀಸೆಲ್ ಮಷಿನ್ ಗಂಟೆಗೆ ಸುಮಾರು ಮೂರು ಲೀಟರ್ ಕುಡಿಯುತ್ತದೆ. ಅಷ್ಟೇ ಕೆಲಸಕ್ಕೆ ಬ್ಯಾಟರಿ ಮಷಿನ್‌ಗೆ, ಚಾರ್ಜಿಂಗ್‌ನಲ್ಲಿ ಸೋರಿಹೋಗುವುದೂ ಸೇರಿ, ಆರೇಳು ಯೂನಿಟ್ ಕರೆಂಟು ಸಾಕು. ಕೊಳ್ಳುವಾಗ ಎಲೆಕ್ಟ್ರಿಕ್ ದುಬಾರಿ, ಓಡಿಸುವಾಗ ಅಗ್ಗ. ಡೀಸೆಲ್ ಮಷಿನ್ ಮಳೆ, ಕೆಸರು, ಗುಂಡಿಬಿದ್ದ ಯಾರ್ಡು ಯಾವುದಕ್ಕೂ ಜಗ್ಗುವುದಿಲ್ಲ; ಬ್ಯಾಟರಿಯದು ಸಮತಟ್ಟಾದ ಕಾಂಕ್ರೀಟ್ ನೆಲ ಬೇಡುತ್ತದೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೂಡಿ ಕಳೆದರೆ ತೀರ್ಮಾನ ಬಂದುಬಿಡುತ್ತದೆ. ಆದರೆ ಆ ಹಾಳೆಯಲ್ಲಿ ಬರೆಯದೆ ಬಿಟ್ಟ ಒಂದು ಸಾಲಿದೆ, ಅದು ಧರ್ಮಶಾಸ್ತ್ರದ್ದು. ನನ್ನ ಕಣ್ಣೆದುರಿನ ಹೊಗೆ ನಿಂತು, ಅದೇ ಹೊಗೆ ನಾನು ಕಾಣದ ಊರಲ್ಲಿ ಎದ್ದರೆ ಅದರ ಪಾಪ ಯಾರದು? ಎಂಜಿನ್ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ನೆಲದಲ್ಲಿ ಚರ್ಚೆಯಾದ ಪ್ರಶ್ನೆ ಇದು.

ಮೊದಲು ಕಣ್ಣೆದುರಿನ ಹೊಗೆಯನ್ನೇ ನೋಡಬೇಕು. ಮಲೆನಾಡಿನ ಸೆರಗಿನ ಈ ಜಾಗದಲ್ಲಿ ಮುಂಗಾರು ಹಿಡಿಯಿತೆಂದರೆ ಇರಚಲು ಒಳಗೆ ಹೊಡೆಯದಂತೆ ಶೆಡ್ಡಿನ ಶಟರ್ ಅರ್ಧ ಇಳಿಸಿಯೇ ಕೆಲಸ. ಡೀಸೆಲ್ ಫೋರ್ಕ್‌ಲಿಫ್ಟ್ ಮುಂದೆ ಹೋಗಿ, ಪ್ಯಾಲೆಟ್ಟಿಗೆ ಫೋರ್ಕ್ ತೂರಿಸಿ, ಎತ್ತಿ, ರಿವರ್ಸ್ ಬಂದು ತಿರುಗುತ್ತದೆ. ಭಾರ ಎತ್ತುವಾಗ ಹೈಡ್ರಾಲಿಕ್ ಪಂಪಿಗೆ ಬಲ ಬೇಕೆಂದು ಡ್ರೈವರ್ ಆ್ಯಕ್ಸಿಲರೇಟರ್ ಒತ್ತುತ್ತಾನೆ. ಹೊಗೆ ಹೆಚ್ಚು ಕಪ್ಪಾಗುವುದು ಆಗಲೇ. ರಿವರ್ಸ್ ಬರುವಾಗ ಅವನು ಕತ್ತು ತಿರುಗಿಸಿ ಹಿಂದಕ್ಕೆ ನೋಡಲೇಬೇಕು, ಸೈಲೆನ್ಸರ್ ಇರುವುದೂ ಹಿಂದೆಯೇ. ಹಾಗಾಗಿ ತಾನು ಬಿಟ್ಟ ಹೊಗೆಯ ಕಡೆಗೇ ಮುಖಮಾಡಿ ಪಾಳಿಯುದ್ದಕ್ಕೂ ಉಸಿರಾಡುವುದು ಅವನ ಕೆಲಸದ ಭಾಗ. ಪಕ್ಕದಲ್ಲಿ ನಿಂತು ಲೆಕ್ಕ ಬರೆಯುವವರು, ಪ್ಯಾಕಿಂಗ್ ಮಾಡುವವರು ಕುಡಿಯುವುದೂ ಅದೇ ಗಾಳಿ.

ಇದು ಬರೀ ಕಿರಿಕಿರಿಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೆ ಮುಖ್ಯ ಆಧಾರಗಳಲ್ಲೊಂದು ಅಮೆರಿಕದ 12 ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರ ಮೇಲೆ ನಡೆದ ಅಧ್ಯಯನ. ಅವು ಕಲ್ಲಿದ್ದಲ ಗಣಿಗಳಲ್ಲ, ಉಪ್ಪು, ಸುಣ್ಣಕಲ್ಲು, ಪೊಟ್ಯಾಷ್ ಮುಂತಾದವು ತೆಗೆಯುವ ಗಣಿಗಳು. ನೆಲದಡಿಯಲ್ಲಿ ಡೀಸೆಲ್ ಯಂತ್ರಗಳ ಜೊತೆ ಹೆಚ್ಚು ಕಾಲ ದುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಹೆಚ್ಚಿತ್ತು. ಶಟರ್ ಇಳಿಸಿದ ಶೆಡ್ಡು ಗಣಿಯಷ್ಟು ಮುಚ್ಚಿದ ಜಾಗವಲ್ಲ, ನಿಜ. ಆದರೆ ಬಯಲೂ ಅಲ್ಲ.

ಹಾಗಾದರೆ ಬ್ಯಾಟರಿ ಮಷಿನ್ ತಂದರೆ ಹಿಂಸೆ ತೀರಿತೇ? ಇಲ್ಲಿಂದ ಮುಂದಕ್ಕೆ ಶಿವಮೊಗ್ಗ ಜಿಲ್ಲೆಯದೇ ಒಂದು ಹಳೆಯ ಪರಂಪರೆ ಕೈಹಿಡಿದು ನಡೆಸುತ್ತದೆ. ಹೊಸನಗರ ತಾಲ್ಲೂಕಿನ ಹೊಂಬುಜ ಶತಮಾನಗಳಿಂದ ಜೈನರ ದೊಡ್ಡ ಕ್ಷೇತ್ರ. ದಿಗಂಬರರೂ ಶ್ವೇತಾಂಬರರೂ ಸಮಾನವಾಗಿ ಒಪ್ಪುವ ಗ್ರಂಥವೆಂದರೆ ತತ್ತ್ವಾರ್ಥಸೂತ್ರ. ಅದರ ಆರನೆಯ ಅಧ್ಯಾಯ ಕರ್ಮ ಆತ್ಮದ ಕಡೆಗೆ ಹರಿದುಬರುವ ಬಗೆಗಳನ್ನು ವಿಂಗಡಿಸುತ್ತದೆ. ಮನಸ್ಸು ಮಾಡುವುದು, ಸಾಧನ ಹೊಂದಿಸುವುದು, ಕೆಲಸಕ್ಕೆ ಕೈಹಾಕುವುದು ಎಂಬ ಮೂರು ಹಂತ. ಮನ, ಮಾತು, ಕಾಯ ಎಂಬ ಮೂರು ದಾರಿ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿಕೊಂಡಿದ್ದು ಎಂಬ ಮೂರು ಬಗೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಪ್ರೇರಣೆ. ಗುಣಿಸಿದರೆ 108. ಜಪಮಾಲೆಯ 108 ಮಣಿಗಳನ್ನು ಇದಕ್ಕೇ ಹೊಂದಿಸಿ ಹೇಳುವ ರೂಢಿಯೂ ಜೈನರಲ್ಲಿ ಉಂಟು.

ಈ ಲೆಕ್ಕದಲ್ಲಿ ನಮಗೆ ಬೇಕಾದದ್ದು ಕೃತ, ಕಾರಿತ, ಅನುಮೋದನೆ ಎಂಬ ಮೂರು. ಡೀಸೆಲ್ ಫೋರ್ಕ್‌ಲಿಫ್ಟ್‌ನಲ್ಲಿ ಹೊಗೆ ಕೃತ: ಇಲ್ಲೇ, ಈಗಲೇ, ನಮ್ಮ ಕೈಯಿಂದಲೇ. ಎಲೆಕ್ಟ್ರಿಕ್ ಮಷಿನ್ ತಂದಾಗ ಅದು ಕಾರಿತವಾಗುತ್ತದೆ: ಸ್ವಿಚ್ಚು ನಮ್ಮದು, ಸುಡುವ ಕೈ ಬೇರೆಯವರದು. ಜೈನ ಶಾಸ್ತ್ರ ಮಾಡಿಸಿದ್ದನ್ನು ಲೆಕ್ಕದಿಂದ ಬಿಡುವುದೇ ಇಲ್ಲ. ‘ಶೂನ್ಯ ಹೊಗೆ’ ಎಂಬ ಜಾಹೀರಾತಿನ ಮಾತು ಅದರ ಮುಂದೆ ನಿಲ್ಲಲಾರದು.

ಅಂಕಿಗಳೂ ಅದನ್ನೇ ಹೇಳುತ್ತವೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೊ ಇಂಗಾಲದ ಡೈಆಕ್ಸೈಡ್. ಗಂಟೆಗೆ ಮೂರು ಲೀಟರಿಗೆ ಎಂಟು ಕಿಲೊ. ದೇಶದ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕಿಲೊದಷ್ಟು. ಏಳು ಯೂನಿಟ್ಟಿಗೆ ಐದು ಕಿಲೊ. ಎಂಟು ಐದಾಯಿತು, ಸೊನ್ನೆಯಾಗಲಿಲ್ಲ. ಕರ್ನಾಟಕದಲ್ಲಿ ಶರಾವತಿಯ ಜಲವಿದ್ಯುತ್ತು, ಪಾವಗಡದ ಸೋಲಾರ್ ಪಾರ್ಕು, ಗದಗ–ಚಿತ್ರದುರ್ಗದ ಗಾಳಿಯಂತ್ರಗಳು ಇರುವುದರಿಂದ ಲೆಕ್ಕ ಇನ್ನಷ್ಟು ಹಗುರಾದೀತು. ಆದರೆ ಪಾಳಿ ಮುಗಿದು ರಾತ್ರಿ ಚಾರ್ಜಿಗೆ ಹಾಕುವ ಹೊತ್ತಿಗೆ ಸೂರ್ಯ ಇರುವುದಿಲ್ಲ. ಆಗ ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಕಲ್ಲಿದ್ದಲು ಉರಿಯುತ್ತಿರುತ್ತದೆ, ಹಾರುಬೂದಿ ಅಲ್ಲಿಯ ಹೊಲಗಳ ಮೇಲೆ ಕೂರುತ್ತಿರುತ್ತದೆ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಮಾಚೇನಹಳ್ಳಿಯ ಮಾಲೀಕರು ಶಕ್ತಿನಗರದ ಯಾರಿಗೂ ಕೇಡು ಬಯಸಿಲ್ಲವಲ್ಲ, ಉದ್ದೇಶವೇ ಇಲ್ಲದ ಮೇಲೆ ಪಾಪ ಎಲ್ಲಿಯದು? ಇದೂ ಹೊಸ ವಾದವಲ್ಲ. ಬೌದ್ಧರು ಕರ್ಮದ ತಿರುಳು ಸಂಕಲ್ಪದಲ್ಲಿದೆ ಎಂದರು. ಜೈನರ ಸೂತ್ರಕೃತಾಂಗದಲ್ಲಿ ಆರ್ದ್ರಕನೆಂಬವನು ಬೌದ್ಧನೊಬ್ಬನೊಡನೆ ಇದೇ ವಿಷಯಕ್ಕೆ ವಾದಕ್ಕಿಳಿಯುತ್ತಾನೆ. ಹಿಂಡಿಯ ಉಂಡೆಯೆಂದು ತಿಳಿದು ಮನುಷ್ಯನನ್ನು ಇರಿದರೆ ದೋಷವಿಲ್ಲವೇ ಎಂಬುದು ಅಲ್ಲಿಯ ಉದಾಹರಣೆ. ಎದುರಾಳಿಯ ಮಾತನ್ನು ಜೈನ ಗ್ರಂಥ ತನಗೆ ಬೇಕಾದಂತೆ ಎಳೆದು ಹೇಳಿದೆ ಎನ್ನಬಹುದು. ಆದರೂ ಅದು ಮುಟ್ಟುವ ಜಾಗ ಸರಿಯಾದುದು. ನೋಡಿ ನಡೆಯದಿರುವುದೂ ಒಂದು ದೋಷ. ತಿಳಿಯದೆ ಆದದ್ದು ಬೇರೆ, ತಿಳಿಯುವ ದಾರಿ ಇದ್ದೂ ತಿಳಿಯಹೋಗದಿದ್ದುದು ಬೇರೆ. ಶೆಡ್ಡಿನ ಗೋಡೆಯ ಮೇಲಿನ ಮೀಟರಿನಿಂದ ಹಿಂದಕ್ಕೆ ತಂತಿ ಹಿಡಿದು ಹೋದರೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದು ಇವತ್ತು ಯಾರಿಗೂ ಗುಟ್ಟಲ್ಲ.

ಹಾಗೆ ತಂತಿ ಹಿಡಿದು ಹೋಗಲು ಮಾಚೇನಹಳ್ಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಒಂದು ಇಂಧನ ಬಿಟ್ಟು ಇನ್ನೊಂದಕ್ಕೆ ದಾಟಿ, ಹಿಂಸೆಯನ್ನು ಕಣ್ಣಿಗೆ ಕಾಣದ ಕಡೆ ಸಾಗಿಸಿದ ಅನುಭವ ಪಕ್ಕದ ಭದ್ರಾವತಿಗೆ ಆಗಲೇ ಆಗಿದೆ.

ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಮೈಸೂರು ಕಬ್ಬಿಣದ ಕಾರ್ಖಾನೆ ಮೈದಳೆದು 1923ರ ಜನವರಿಯಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿತು. ಅದಿರು ಕೆಮ್ಮಣ್ಣುಗುಂಡಿಯದು. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಆದ್ದರಿಂದ ಕುಲುಮೆಗೆ ಹಾಕಿದ್ದು ಇದ್ದಿಲು. ಇದ್ದಿಲಿಗಾಗಿ ಮಲೆನಾಡಿನ ಮರ. ಅದರ ಜೊತೆಗೇ ಸೌದೆಯನ್ನು ಭಟ್ಟಿಯಿಳಿಸಿ ರಾಸಾಯನಿಕ ತೆಗೆಯುವ ಘಟಕವೂ ಇತ್ತು. ಕಾಡು ದೂರ ಸರಿಯುತ್ತ ಹೋದಂತೆ ಇದ್ದಿಲು ದುಬಾರಿಯಾಯಿತು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ ಮೇಲೆ, ಐವತ್ತರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ತಿನಿಂದ ಕಬ್ಬಿಣ ತೆಗೆಯುವ ಕುಲುಮೆಗಳು ಬಂದವು. ಅಂದಿನವರ ಕಣ್ಣಿಗೆ ಅದು ಕಾಡು ಉಳಿಸುವ ದಾರಿ. ಹಾಗೆ ಕಂಡದ್ದರಲ್ಲಿ ತಪ್ಪೂ ಇರಲಿಲ್ಲ.

ಆದರೆ ಕರೆಂಟಿನ ಹಸಿವು ಬೆಳೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸುಮಾರು 300 ಚದರ ಕಿಲೊಮೀಟರ್ ನೆಲ ನೀರಿನಡಿ ಹೋಯಿತು. ಕಾಡು, ಅಡಕೆ ತೋಟ, ಗದ್ದೆ, ದೇವಸ್ಥಾನ, ಸಾವಿರಾರು ಕುಟುಂಬಗಳ ಮನೆಗಳು. ಜೋಗಕ್ಕೆ ನೀರು ಕೊಡಲು ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದರಲ್ಲೇ ಮುಳುಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಅದು ಇಡಿಯಾಗಿ ಮೇಲೆ ಬಂದು ನಿಲ್ಲುತ್ತದೆ. ಅಲ್ಲಿಂದ ಎಬ್ಬಿಸಲಾದ ಜನರನ್ನು ಜಿಲ್ಲೆಯ ಬೇರೆ ಬೇರೆ ಕಡೆ ಅರಣ್ಯದ ಅಂಚುಗಳಲ್ಲಿ ಕೂರಿಸಲಾಯಿತು. ಆ ಜಮೀನಿಗೆ ಹಕ್ಕುಪತ್ರ ಕೊಡಿ ಎಂದು ಅವರ ಮೊಮ್ಮಕ್ಕಳು ಶಿವಮೊಗ್ಗದ ರಸ್ತೆಗಳಲ್ಲಿ ಮೆರವಣಿಗೆ ಮಾಡಬೇಕಾಗಿ ಬಂತು. ಹಿನ್ನೀರಿನಾಚೆ ಉಳಿದ ತುಮರಿ ಸೀಮೆಯವರು ಲಾಂಚನ್ನೇ ನಂಬಿ ಬದುಕಿದರು. ಅವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ, ಆರು ದಶಕಗಳ ನಂತರ. ನಾಡಿನ ಕಾರ್ಖಾನೆಗಳನ್ನು ನಡೆಸಿದ ಕರೆಂಟಿನ ಬೆಲೆಯನ್ನು ಇವರು ತೆತ್ತರು. ಕಲ್ಲಿದ್ದಲಿನ ಹೊಗೆಯಿಲ್ಲದ ವಿದ್ಯುತ್ತೂ ಕಾರಿತವೇ.

ಜೈನರ ಗೃಹಸ್ಥಧರ್ಮದ ಒಂದು ಪಟ್ಟಿ ಇಲ್ಲಿ ನೆನಪಾಗದೆ ಇರದು. ಉಪಾಸಕದಶಾ ಎಂಬ ಶ್ವೇತಾಂಬರ ಆಗಮ ಶ್ರಾವಕರು, ಅಂದರೆ ಗೃಹಸ್ಥ ಜೈನರು, ದೂರವಿಡಬೇಕಾದ 15 ಕಸುಬುಗಳನ್ನು ಎಣಿಸುತ್ತದೆ. ಇದ್ದಿಲು ಸುಡುವುದು, ಕಾಡು ಕಡಿಯುವುದು, ಗಾಡಿಗಳ ವ್ಯಾಪಾರ, ಬಾಡಿಗೆಗೆ ಸರಕು ಸಾಗಿಸುವುದು, ನೆಲ ಬಗೆಯುವುದು ಅದರಲ್ಲಿ ಮೊದಲ ಐದು. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯವರೆಗಿನ ಉದ್ಯಮದ ಇಡೀ ಚರಿತ್ರೆ ಆ ಐದರೊಳಗೆ ಬಂದುಬಿಡುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಅದೇ ಗ್ರಂಥದ ಮೊದಲ ಕಥೆಯ ನಾಯಕ ಆನಂದ. ಅವನು ಸಿರಿವಂತ. ವ್ರತ ಹಿಡಿದಾಗ ಅವನು ಗಾಡಿಗಳನ್ನೆಲ್ಲ ಬಿಟ್ಟು ಸನ್ಯಾಸಿಯಾಗುವುದಿಲ್ಲ. ದೂರದ ಪ್ರಯಾಣಕ್ಕೆ 500 ಗಾಡಿ, ಊರಿನ ಸಾಗಣೆಗೆ 500 ಗಾಡಿ, ಅದಕ್ಕಿಂತ ಹೆಚ್ಚು ಬೇಡ ಎಂದು ಮಿತಿ ಹಾಕಿಕೊಳ್ಳುತ್ತಾನೆ. ನಮ್ಮ ಕಣ್ಣಿಗೆ 1000 ಗಾಡಿಗಳ ಮಿತಿ ದೊಡ್ಡದೇ. ಆದರೆ ಮಿತಿ ಎಂಬುದೊಂದು ಇತ್ತು, ಅದನ್ನು ಬಾಯಿಬಿಟ್ಟು ಎಲ್ಲರೆದುರು ಹೇಳಲಾಗಿತ್ತು. ಸನ್ಯಾಸಿಯ ಅಹಿಂಸೆ ಬೇರೆ, ಗೃಹಸ್ಥನ ಅಹಿಂಸೆ ಬೇರೆ ಎಂದು ಒಪ್ಪಿಕೊಂಡ ಧರ್ಮ ಅದು. ಕೃಷಿಯಲ್ಲಿ, ಉದ್ಯೋಗದಲ್ಲಿ ತಪ್ಪದ ಹಿಂಸೆಯುಂಟು, ಅದನ್ನು ತಗ್ಗಿಸುತ್ತ ಹೋಗುವುದೇ ಅಣುವ್ರತಿಯ, ಅಂದರೆ ಸಣ್ಣ ವ್ರತಗಳನ್ನು ಹಿಡಿದ ಗೃಹಸ್ಥನ ದಾರಿ. ಕಾರ್ಖಾನೆಯವರಿಗೆ ಬೇಕಾದ ನೀತಿ ಇದೇ.

ಯಾವ ಕೆಲಸವೂ ದೋಷವಿಲ್ಲದೆ ಇಲ್ಲ ಎಂದು ಗೀತೆಯೂ ಹೇಳುತ್ತದೆ. ಅದಕ್ಕೆ ಕೊನೆಯ ಅಧ್ಯಾಯದಲ್ಲಿ ಹೊಗೆಯ ಹೋಲಿಕೆಯನ್ನೇ ಕೊಡುತ್ತದೆ. ಈ ಮಾತನ್ನು ನಮ್ಮವರು ಎಷ್ಟೋ ಸಲ ಸಮಾಧಾನಕ್ಕೆ ಬಳಸಿಕೊಂಡಿದ್ದಾರೆ: ಡೀಸೆಲ್ಲಿನಲ್ಲೂ ದೋಷ, ಬ್ಯಾಟರಿಯಲ್ಲೂ ದೋಷ, ಯಾವುದಾದರೇನು, ನಡೆಯಲಿ. ಗೀತೆ ಹೇಳಿದ್ದು ದೋಷವಿದೆಯೆಂದು ಕರ್ತವ್ಯದಿಂದ ಓಡಬೇಡ ಎಂಬುದಕ್ಕಾಗಿ. ದೋಷದೋಷಗಳ ನಡುವಿನ ಅಂತರ ಮರೆಯಲಿ ಎಂದಲ್ಲ. ಎಂಟು ಕಿಲೊಗೂ ಐದು ಕಿಲೊಗೂ ಅಂತರವಿದೆ. ಒಬ್ಬ ಮನುಷ್ಯನ ಮೂಗಿನ ಮುಂದೆ ಉಗುಳುವ ಹೊಗೆಗೂ 275 ಮೀಟರ್ ಎತ್ತರದ ಚಿಮಣಿಯ ಹೊಗೆಗೂ ಅಂತರವಿದೆ. ಚಿಮಣಿಗೆ ಬೂದಿ ಹಿಡಿಯುವ ಯಂತ್ರ ಕೂರಿಸಬಹುದು, ಅಳೆಯಬಹುದು, ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ನಾಳೆ ಅದರ ಬದಲು ಸೋಲಾರ್ ತರಬಹುದು. ಶೆಡ್ಡು ಶೆಡ್ಡಿನಲ್ಲಿ ಚದುರಿದ ಸಾವಿರ ಸೈಲೆನ್ಸರ್‌ಗಳನ್ನು ಹಾಗೆ ಕೇಳುವವರಿಲ್ಲ.

ಇನ್ನೊಂದು ಅಳತೆಯೂ ಕಣ್ಣಮುಂದಿರಬೇಕು. ಇವತ್ತು ಹಲವು ಫೌಂಡ್ರಿಗಳು ಕಬ್ಬಿಣ ಕರಗಿಸುವುದು ಇಂಡಕ್ಷನ್ ಫರ್ನೇಸಿನಲ್ಲಿ, ಅಂದರೆ ಕರೆಂಟಿನಲ್ಲಿ. ಒಂದು ಟನ್ನಿಗೆ ಸುಮಾರು 600 ಯೂನಿಟ್ ಬೇಕು. ಫೋರ್ಕ್‌ಲಿಫ್ಟ್ ಇಡೀ ಪಾಳಿಗೆ ತಿನ್ನುವುದು 50 ಯೂನಿಟ್ಟಿನ ಆಸುಪಾಸು. ಭೂಮಿಯ ತಾಪದ ದೃಷ್ಟಿಯಿಂದ ನೋಡಿದರೆ ಕುಲುಮೆಯ ಮುಂದೆ ಫೋರ್ಕ್‌ಲಿಫ್ಟ್ ಲೆಕ್ಕಕ್ಕೇ ಬಾರದು. ಹಾಗಾಗಿ ಬ್ಯಾಟರಿ ಮಷಿನ್ ತಂದು, ಭೂಮಿ ಉಳಿಸಿದೆವೆಂದು ಬೋರ್ಡು ಹಾಕಿಕೊಳ್ಳುವುದು ಹೊಂದುವುದಿಲ್ಲ. ಅದನ್ನು ತರಬೇಕಾದ ಕಾರಣ ಬೇರೆ. ಆ ಶೆಡ್ಡಿನಲ್ಲಿ ದುಡಿಯುವವನಿಗೆ ಬೇರೆ ಗಾಳಿ ಆರಿಸಿಕೊಳ್ಳುವ ದಾರಿಯಿಲ್ಲ, ಅವನ ಗಾಳಿಯನ್ನು ಆರಿಸುತ್ತಿರುವುದು ಮಾಲೀಕರು. ಅಹಿಂಸೆ ಶುರುವಾಗಬೇಕಾದದ್ದು ಕೈಗೆಟಕುವ ಈ ಉಸಿರಿನಿಂದ. ದೂರದ ಹಿಂಸೆಯ ನೆಪ ಹೇಳಿ ಹತ್ತಿರದ್ದನ್ನು ಮುಂದುವರಿಸುವುದಕ್ಕೆ ಯಾವ ಶಾಸ್ತ್ರದ ಬೆಂಬಲವೂ ಸಿಗದು.

ಈ ಯಂತ್ರದ ಚರಿತ್ರೆಯಲ್ಲಿ ಬ್ಯಾಟರಿಯೇ ಮೊದಲು ಬಂದದ್ದು ಎಂಬುದನ್ನೂ ಇಲ್ಲಿ ಹೇಳಬೇಕು. 1906ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರೈಲ್ವೆ ತನ್ನ ಆಲ್ಟೂನ ನಿಲ್ದಾಣದಲ್ಲಿ ಸಾಮಾನು ಸಾಗಿಸಲು ಬ್ಯಾಟರಿ ಗಾಡಿಗಳನ್ನು ಬಳಸಿತು. ಪೆಟ್ರೋಲ್ ಎಂಜಿನ್ನಿನ ಕ್ಲಾರ್ಕ್ ಟ್ರಕ್‌ಟ್ರ್ಯಾಕ್ಟರ್ ಬಂದದ್ದು 1917ರಲ್ಲಿ. ಎಂಜಿನ್ ಇಲ್ಲದೆ ಭಾರ ಸಾಗಿಸುವುದು ಹೊಸದೇನೂ ಅಲ್ಲ.

ಆದರೆ ಬ್ಯಾಟರಿಯ ಒಳಗೇ ಒಂದು ಹಿಂಸೆ ಕುಳಿತಿದೆ. ನಮ್ಮಲ್ಲಿ ಎಷ್ಟೋ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್‌ಗಳು ಇಂದಿಗೂ ನಡೆಯುವುದು ಸೀಸದ ಬ್ಯಾಟರಿಯಲ್ಲಿ. ಅದು ಟನ್ನಿನಷ್ಟು ತೂಗುತ್ತದೆ. ಮುಂದೆ ಎತ್ತಿದ ಭಾರಕ್ಕೆ ಗಾಡಿ ಮಗುಚದಂತೆ ಹಿಂದೆ ಸರಿತೂಕ ಕೊಡುವುದೂ ಅದೇ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಆದ್ದರಿಂದ ಗಾಳಿಯಾಡುವ ಮೂಲೆ ಬೇಕು, ಬೀಡಿ ಹಚ್ಚುವಂತಿಲ್ಲ. ಒಂದೊಂದೇ ಸೆಲ್ಲಿನ ಮುಚ್ಚಳ ತೆರೆದು ಡಿಸ್ಟಿಲ್ಡ್ ವಾಟರ್ ಹಾಕಬೇಕು, ಆ್ಯಸಿಡ್ ಕೈಗೆ ತಾಗಬಾರದು. ಇಷ್ಟು ಉಪಚಾರ ಕಾರ್ಖಾನೆಯೊಳಗೆ ನಡೆಯುತ್ತದೆ. ಬ್ಯಾಟರಿ ಸತ್ತ ಮೇಲೆ ಏನು? ಗುಜರಿಯವನು ಹೆಚ್ಚು ದುಡ್ಡು ಕೊಡುತ್ತೇನೆಂದು ಒಯ್ದರೆ ಅದು ಯಾವುದೋ ಹಿತ್ತಲಲ್ಲಿ ಒಡೆಯಬಹುದು, ಆ್ಯಸಿಡ್ ಮೋರಿಗೆ, ಸೀಸ ತೆರೆದ ಒಲೆಗೆ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ 2020ರಲ್ಲಿ ಹೊರತಂದ ವರದಿ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಅಪಾಯದ ಮಟ್ಟದ ಸೀಸವಿದೆ ಎಂದಿತು. ಅವರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ಭಾರತದವರು. ಕಾರಣಗಳಲ್ಲಿ ಹೀಗೆ ಬ್ಯಾಟರಿ ಒಡೆದು ಕರಗಿಸುವುದು ದೊಡ್ಡದು. ಡೀಸೆಲ್ ಡ್ರೈವರನ ಉಸಿರು ಉಳಿಸಲು ಹೋಗಿ ಕಾಣದ ಒಂದು ಮಗುವಿನ ಬುದ್ಧಿಬೆಳವಣಿಗೆಯನ್ನು ಬಲಿಕೊಟ್ಟರೆ ಅದು ಕಾರಿತದಲ್ಲಿ ಬಹಳ ಕೆಟ್ಟ ಬಗೆ, ಏಕೆಂದರೆ ಅಲ್ಲಿ ಅಳೆಯಲು ಚಿಮಣಿಯೂ ಇಲ್ಲ, ಕೇಳಲು ದಾಖಲೆಯೂ ಇಲ್ಲ.

ಲೀಥಿಯಂ ಬ್ಯಾಟರಿಗೆ ನೀರು ಹಾಕುವ ಕೆಲಸವಿಲ್ಲ, ಬೇಗ ಚಾರ್ಜ್ ಆಗುತ್ತದೆ, ಬಾಳಿಕೆ ಹೆಚ್ಚು. ಆದರೆ ಅದರ ತಂತಿ ಹಿಡಿದು ಹೋದರೆ ಚಿಲಿಯ ಅಟಕಾಮ ಮರುಭೂಮಿಯ ಉಪ್ಪುನೀರಿನ ಹೊಂಡಗಳವರೆಗೆ ಹೋಗಬೇಕಾದೀತು. ಬ್ಯಾಟರಿ ಯಾವುದಾದರೂ, ಸದ್ದಿಲ್ಲದ ಮಷಿನ್ ಹಿಂದಿನಿಂದ ಬಂದದ್ದು ತಿಳಿಯದೆ ಜನ ಗಾಯಗೊಳ್ಳುವ ಅಪಾಯವೂ ಇದೆ. ಅದಕ್ಕೇ ನೆಲದ ಮೇಲೆ ನೀಲಿ ಬೆಳಕು ಬೀಳುವಂತೆ ದೀಪ ಕಟ್ಟುತ್ತಾರೆ.

ಇಷ್ಟೆಲ್ಲ ತೂಗಿದ ಮೇಲೂ ತೀರ್ಮಾನ ತೊಡಕಿನದಲ್ಲ. ಸೂರಿನಡಿ, ಜನರ ನಡುವೆ ಓಡುವ ಫೋರ್ಕ್‌ಲಿಫ್ಟ್ ಡೀಸೆಲ್ಲಿನದಾಗಿರಬಾರದು. ಸ್ಕ್ರ್ಯಾಪ್ ರಾಶಿಯ ಬಯಲು ಯಾರ್ಡಿನಲ್ಲಿ ಅದು ಇನ್ನಷ್ಟು ಕಾಲ ಇದ್ದರೆ ಅದನ್ನು ತಪ್ಪದ ಉದ್ಯೋಗಹಿಂಸೆ ಎಂದು ಒಪ್ಪಬಹುದು. ಆದರೆ ಎಲೆಕ್ಟ್ರಿಕ್ ಕೊಂಡವರು ಕೊಂಡ ದಿನ ಕೈತೊಳೆದುಕೊಳ್ಳುವಂತಿಲ್ಲ. ಅವರ ಬಾಧ್ಯತೆ ಶುರುವಾಗುವುದೇ ಅಂದಿನಿಂದ. ಚಾರ್ಜಿಂಗನ್ನು ಸಾಧ್ಯವಾದಷ್ಟು ಹಗಲಿನ ಸೋಲಾರ್ ಹೊತ್ತಿಗೆ ಹೊಂದಿಸುವುದು, ಚಾವಣಿಯ ಮೇಲೆ ಫಲಕ ಹಾಕುವುದು ಒಂದು. ಅದಕ್ಕಿಂತ ಮುಖ್ಯವಾದದ್ದು ಸತ್ತ ಬ್ಯಾಟರಿಯ ಲೆಕ್ಕ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ಉತ್ಪಾದಕರದು. ಕೊಳ್ಳುವ ಒಪ್ಪಂದದಲ್ಲೇ ವಾಪಸಾತಿಯ ಷರತ್ತು ಬರೆಸಿ, ನೋಂದಾಯಿತ ಘಟಕಕ್ಕೆ ಬ್ಯಾಟರಿ ತಲುಪಿದ ದಾಖಲೆ ಕೇಳಿ ಪಡೆಯಬಹುದು. ಮಾಚೇನಹಳ್ಳಿಯಂತೆ ಕಾರ್ಖಾನೆಗಳು ಒಂದೇ ಕಡೆ ಒತ್ತಾಗಿರುವಲ್ಲಿ ಅವು ಒಟ್ಟಾಗಿ ಒಂದೇ ಸಂಗ್ರಹಣಾ ವ್ಯವಸ್ಥೆ ಮಾಡಿಕೊಳ್ಳುವುದಕ್ಕೆ ದೊಡ್ಡ ಖರ್ಚೂ ಬೇಡ. ಗುಜರಿಯವನು ಕೊಡುವ ಹೆಚ್ಚಿನ ದುಡ್ಡನ್ನು ಬೇಡವೆನ್ನಬೇಕಾಗುತ್ತದೆ, ಅಷ್ಟೇ. ಆ ದುಡ್ಡು ಎಷ್ಟೆಂದು ಅಕೌಂಟ್ಸ್ ವಿಭಾಗ ಕಾಸುಕಾಸಾಗಿ ಬರೆದಿಡಬಲ್ಲದು, ಮತ್ತು ಅದನ್ನು ಮಷಿನ್ನಿನ ಬೆಲೆಯ ಭಾಗವೆಂದೇ ಮೊದಲ ದಿನದಿಂದ ಎಣಿಸಬೇಕು.